ಅಟಾರಿ ಎಸ್‌ಟಿಯ 640×400 ಕಪ್ಪು-ಬಿಳುಪು ಚಿತ್ರ ಎಲ್‌ಸಿಡಿ ಮೇಲೆ ಮಸುಕು: ಕ್ಲಾಕ್, ತಂತಿ, ದೊಡ್ಡ ಪರದೆ ಚರ್ಚೆ

ಹಳೇಯಂತ್ರ | #1

ಯಂತ್ರ: ಅಟಾರಿಯ ಹಳೆಯ ಎಸ್‌ಟಿ ಸಾಲಿನ ಕಂಪ್ಯೂಟರ್, 1040 ಎಸ್‌ಟಿಎಫ್, ಟಾಸ್ (ಅದರ ಆಪರೇಟಿಂಗ್ ಸಿಸ್ಟಮ್) 1.04. ಪರದೆ: 19 ಇಂಚಿನ 1280×1024 ಎಲ್‌ಸಿಡಿ, ವಿಜಿಎ ಇನ್‌ಪುಟ್. ನಡುವೆ 13 ಪಿನ್ ಡಿನ್‌ನಿಂದ ವಿಜಿಎಗೆ ಹೋಗುವ ರೆಡಿಮೇಡ್ ಅಡಾಪ್ಟರ್. ಎಸ್‌ಟಿಯ ಮೂಲ ಕಪ್ಪು-ಬಿಳುಪು ಮಾನಿಟರ್ ಎಸ್‌ಎಂ124 ಇಲ್ಲ.

ಹೈ ರೆಸಲ್ಯೂಶನ್ (640×400) ಚಿತ್ರ ಬರುತ್ತೆ, ಆದರೆ ಮೂರು ತೊಂದರೆ.

1. ಬಿಳಿ ಬಣ್ಣ ಬಿಳಿಯಾಗಿಲ್ಲ, ಬೂದಿಯಂತೆ ಮಂಕು.
2. ಡೆಸ್ಕ್‌ಟಾಪಿನ ಚುಕ್ಕಿ ಹಿನ್ನೆಲೆಯಲ್ಲಿ ಮೇಲಿಂದ ಕೆಳಕ್ಕೆ ಮೂರು ಮಸುಕು ಪಟ್ಟಿಗಳು. ಆ ಜಾಗದಲ್ಲಿ ಅಕ್ಷರಗಳೂ ಕದಡಿದ ಹಾಗೆ ಕಾಣುತ್ತವೆ.
3. ಎತ್ತರ ಪೂರ್ತಿ ತುಂಬುತ್ತೆ, ಅಗಲದಲ್ಲಿ ಮಾತ್ರ ಕಪ್ಪು ಅಂಚು ಉಳಿಯುತ್ತೆ.

ಅಡಾಪ್ಟರ್ ದೋಷವೋ, ಮಾನಿಟರ್ ದೋಷವೋ? ಜೊತೆಗೆ, 640×400ಕ್ಕಿಂತ ದೊಡ್ಡ ಡೆಸ್ಕ್‌ಟಾಪ್ ಪಡೆಯಲು ದಾರಿ ಇದೆಯೇ?

ಗಡಿಯಾರತರಂಗ | #2

ಎರಡೂ ಕೆಟ್ಟಿಲ್ಲ. ಪಟ್ಟಿ ಮೂರೇ ಇವೆ ಅಂದಿರಲ್ಲ, ಆ ಸಂಖ್ಯೆಯಲ್ಲೇ ಉತ್ತರ ಇದೆ. ಲೆಕ್ಕ ಹಾಕೋಣ.

ಎಸ್‌ಟಿಯಲ್ಲಿ ಚಿತ್ರ ಹೊರಡಿಸುವ ಶಿಫ್ಟರ್ ಚಿಪ್ಪಿಗೆ ಮೆಮೊರಿಯಿಂದ ಪ್ರತಿ 500 ನ್ಯಾನೊಸೆಕೆಂಡಿಗೆ 16 ಬಿಟ್ ಸಿಗುತ್ತವೆ. 8 ಮೆಗಾಹರ್ಟ್ಸ್‌ನ 68000 ಪ್ರೊಸೆಸರ್ ಮೆಮೊರಿಯನ್ನು ನಾಲ್ಕು ಕ್ಲಾಕಿಗೊಮ್ಮೆ ಮುಟ್ಟುತ್ತದೆ, ಖಾಲಿ ಉಳಿದ ಅರ್ಧದಲ್ಲಿ ಶಿಫ್ಟರ್ ತನ್ನ ಪಾಲು ಎತ್ತಿಕೊಳ್ಳುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ಕಾಯಿಸುವುದಿಲ್ಲ. 500 ನ್ಯಾನೊಸೆಕೆಂಡಿಗೆ 16 ಬಿಟ್ ಅಂದರೆ ಸೆಕೆಂಡಿಗೆ 3.2 ಕೋಟಿ ಬಿಟ್. 320×200ರಲ್ಲಿ ಪಿಕ್ಸೆಲ್‌ಗೆ 4 ಬಿಟ್, ಪಿಕ್ಸೆಲ್ ಕ್ಲಾಕ್ (ಪಿಕ್ಸೆಲ್‌ಗಳು ಹೊರಡುವ ವೇಗ) 8 ಮೆಗಾಹರ್ಟ್ಸ್. 640×200ರಲ್ಲಿ 2 ಬಿಟ್, 16 ಮೆಗಾಹರ್ಟ್ಸ್. 640×400ರಲ್ಲಿ 1 ಬಿಟ್, 32 ಮೆಗಾಹರ್ಟ್ಸ್. ಮೂರರಲ್ಲೂ ಪರದೆಯ ಮೆಮೊರಿ 32,000 ಬೈಟೇ. 1985ರಲ್ಲಿ ಅಷ್ಟು ಕಡಿಮೆ ಬೆಲೆಗೆ ಅಷ್ಟು ಸ್ಪಷ್ಟ ಚಿತ್ರ ಕೊಡಲು ಆದದ್ದು ಈ ಹಂಚಿಕೆಯಿಂದ. ನನ್ನ ಮಟ್ಟಿಗೆ ಇಡೀ ಯಂತ್ರದ ಅತ್ಯಂತ ಸುಂದರ ಭಾಗ ಇದೇ.

ಈಗ ನಿಮ್ಮ ಪಟ್ಟಿಗಳ ವಿಷಯ. ಹೈ ರೆಸಲ್ಯೂಶನ್‌ನಲ್ಲಿ ಒಂದು ಗೆರೆಗೆ 28 ಮೈಕ್ರೊಸೆಕೆಂಡ್. 32 ಮೆಗಾಹರ್ಟ್ಸ್‌ನಲ್ಲಿ ಅದು 896 ಪಿಕ್ಸೆಲ್ ಕ್ಲಾಕ್. ಅದರಲ್ಲಿ 640 ಕಾಣುವಂಥವು, ಉಳಿದ 256 ಖಾಲಿ. ಗೆರೆಗಳು ಒಟ್ಟು 501, ಕಾಣುವುದು 400. ಹಾಗಾಗಿ ಅಡ್ಡ ಆವರ್ತನ 35.7 ಕಿಲೋಹರ್ಟ್ಸ್, ಲಂಬ ಆವರ್ತನ 71 ಹರ್ಟ್ಸ್ ಚಿಲ್ಲರೆ. ಯೂರೋಪಿನ ಯಂತ್ರಗಳಲ್ಲಿ ಮೂಲ ಕ್ಲಾಕ್ ಕೂದಲೆಳೆಯಷ್ಟು ಹೆಚ್ಚು, ಆದರೆ 896 ಮತ್ತು 501 ಬದಲಾಗುವುದಿಲ್ಲ.

ಎಲ್‌ಸಿಡಿಗೆ ಪಿಕ್ಸೆಲ್ ಕ್ಲಾಕ್ ತಂತಿಯಲ್ಲಿ ಬರುವುದಿಲ್ಲ. ಸಿಂಕ್ (ಗೆರೆ, ಫ್ರೇಮ್ ಶುರುವಾಗುವುದನ್ನು ತಿಳಿಸುವ ಸಿಗ್ನಲ್) ನೋಡಿ, ತನ್ನ ಪಟ್ಟಿಯಲ್ಲಿ ಹತ್ತಿರದ ಮೋಡ್ ಯಾವುದೆಂದು ಊಹಿಸಿ, ಗೆರೆಗೆ ಇಷ್ಟು ಬಾರಿ ಅಂತ ಸ್ಯಾಂಪಲ್ ಮಾಡುತ್ತದೆ. ನಿಮ್ಮದು 720×400, 70 ಹರ್ಟ್ಸ್ ಎಂದು ಊಹಿಸಿದೆ, ಅಂದರೆ ಪಿಸಿಯ ಹಳೆಯ ಟೆಕ್ಸ್ಟ್ ಮೋಡ್. ಮಾನಿಟರ್ ಮೆನುವಿನ ಮಾಹಿತಿ ಪುಟದಲ್ಲಿ ಹಾಗೇ ತೋರಿಸುತ್ತಿರಬೇಕು, ನೋಡಿ. ಆ ಮೋಡ್‌ನಲ್ಲಿ ಗೆರೆಗೆ 900 ಸ್ಯಾಂಪಲ್. ಬೇಕಿದ್ದದ್ದು 896. ನಾಲ್ಕು ಹೆಚ್ಚಾದ್ದರಿಂದ ಸ್ಯಾಂಪಲ್ ತೆಗೆಯುವ ಕ್ಷಣ ಪಿಕ್ಸೆಲ್‌ನ ನಡುವಿನಿಂದ ಅಂಚಿಗೆ, ಮತ್ತೆ ನಡುವಿಗೆ, ಹೀಗೆ ಒಂದು ಗೆರೆಯಲ್ಲಿ ನಾಲ್ಕು ಸಲ ಜಾರುತ್ತದೆ. ಅಂಚಿಗೆ ಬಂದ ಕಡೆಯೆಲ್ಲ ಮಸುಕು. ಕಾಣುವ ಭಾಗ 896ರಲ್ಲಿ 640 ಮಾತ್ರ, ಆದ್ದರಿಂದ ನಾಲ್ಕರಲ್ಲಿ ಸುಮಾರು ಮೂರು ಪಟ್ಟಿ ಕಣ್ಣಿಗೆ ಬೀಳುತ್ತವೆ. 720 ಪಿಕ್ಸೆಲ್ ನಿರೀಕ್ಷಿಸಿದ ಜಾಗಕ್ಕೆ 640 ಬಂದಿದ್ದರಿಂದ ಕಪ್ಪು ಅಂಚು.

ಮಾಡಬೇಕಾದ್ದು ಇಷ್ಟು: ಮೆನುವಿನಲ್ಲಿ ಕ್ಲಾಕ್ ಎಂದೋ ಕೋರ್ಸ್ ಎಂದೋ ಇರುವುದನ್ನು ಒಂದೊಂದೇ ಹೆಜ್ಜೆ ಕಡಿಮೆ ಮಾಡಿ. ಮೂರು ಪಟ್ಟಿ ಎರಡಾಗಿ, ಒಂದಾಗಿ, ಕೊನೆಗೆ ಇಡೀ ಪರದೆ ಒಂದೇ ತರಹ ಆಗಬೇಕು. ಆಮೇಲೆ ಫೇಸ್ ಅಥವಾ ಫೈನ್, ಅಂದರೆ ಸ್ಯಾಂಪಲ್ ತೆಗೆಯುವ ಕ್ಷಣದ ಹೊಂದಾಣಿಕೆ, ಮುಟ್ಟಿ. ಕ್ಲಾಕ್ ಸರಿಯಾಗುವ ಮೊದಲು ಫೇಸ್ ತಿರುಗಿಸಿದರೆ ಪಟ್ಟಿಗಳು ಪಕ್ಕಕ್ಕೆ ಸರಿಯುತ್ತವೆಯೇ ಹೊರತು ಹೋಗುವುದಿಲ್ಲ.

ಬೆಸುಗೆಕಡ್ಡಿ | #3

ಮಂಕಿನ ವಿಷಯಾ ನಾ ಹೇಳ್ತೀನ್ರಿ. ಅದು ಅಡಾಪ್ಟರಿನೊಳಗ ಐತಿ.

ಎಸ್‌ಟಿ ಮಾನಿಟರ್ ಪೋರ್ಟಿನ್ಯಾಗ ಕಪ್ಪು-ಬಿಳುಪಿಗೆ ಒಂದ ತಂತಿ, ಪಿನ್ 11. ಮಟ್ಟ 1 ವೋಲ್ಟ್, 75 ಓಮ್ ಲೋಡಿಗೆ. ಸಾದಾ ಅಡಾಪ್ಟರಿನ್ಯಾಗ ಆ ಒಂದ ತಂತೀನ ವಿಜಿಎ ಕೆಂಪು, ಹಸಿರು, ನೀಲಿ ಮೂರಕ್ಕೂ ಕೂಡಿಸಿರ್ತಾರ. ಮಾನಿಟರಿನೊಳಗ ಮೂರಕ್ಕೂ 75 ಓಮ್ ಟರ್ಮಿನೇಶನ್ ಇರ್ತೈತಿ, ಮೂರೂ ಪ್ಯಾರಲಲ್ ಆದ್ರ 25 ಓಮ್. ಮೂಲದ ಇಂಪಿಡೆನ್ಸ್ 75 ಅಂತ ಹಿಡದು ಲೆಕ್ಕಾ ಹಾಕಿದ್ರ, ಸಿಗೂದು ಅರ್ಧ ವೋಲ್ಟ್. ವಿಜಿಎಗೆ ಪೂರ್ತಿ ಬಿಳಿ ಅಂದ್ರ 0.7 ವೋಲ್ಟ್. ಅದಕ್ಕ ಬೂದಿ ಬಣ್ಣ.

ಮದಲ ಮಾನಿಟರಿನ ಕಾಂಟ್ರಾಸ್ಟ್ ಏರಿಸಿ ನೋಡ್ರಿ. ಇದು ಬರೇ ಒಂದ ಬಿಟ್ಟಿನ ಚಿತ್ರ, ನಡುವಿನ ಛಾಯೆ ಇಲ್ಲ, ಹಿಂಗಾಗಿ ಕಾಂಟ್ರಾಸ್ಟ್ ಎಷ್ಟ ಏರಿಸಿದ್ರೂ ಏನೂ ಕೆಡಂಗಿಲ್ಲ. ಭಾಳ ಮಾನಿಟರಿಗೆ ಅಷ್ಟರಾಗ ಮುಗೀತೈತಿ.

ಹೊಸದಾಗಿ ಕಟ್ಟವ್ರಿಗೆ ಪಿನ್ ಇಲ್ಲಿ ಬರದಿಡ್ತೀನಿ:

ಎಸ್‌ಟಿ 11 → ವಿಜಿಎ 1, 2, 3
ಎಸ್‌ಟಿ 9, ಅಡ್ಡ ಸಿಂಕ್ → ವಿಜಿಎ 13
ಎಸ್‌ಟಿ 12, ಲಂಬ ಸಿಂಕ್ → ವಿಜಿಎ 14
ಎಸ್‌ಟಿ 13, ಗ್ರೌಂಡ್ → ವಿಜಿಎ 5, 6, 7, 8, 10
ಎಸ್‌ಟಿ 4 → ಎಸ್‌ಟಿ 13 (ಕಪ್ಪು-ಬಿಳುಪು ಮಾನಿಟರ್ ಐತಿ ಅಂತ ಯಂತ್ರಕ್ಕ ತಿಳಿಸೂ ಪಿನ್; ನಡುವ ಒಂದು ಸ್ವಿಚ್ ಇದ್ರ ಚಲೋ)
ಎಸ್‌ಟಿ 1, ಆಡಿಯೊ → 3.5 ಎಂಎಂ ಜ್ಯಾಕ್, ಅದರ ಗ್ರೌಂಡ್ 13ಕ್ಕ

ಪಿನ್ 8ನ್ನ ಮುಟ್ಟಬ್ಯಾಡ್ರಿ. ಮಾದರಿ ಬದಲಾದಂಗ ಅದರ ಕೆಲಸ ಬದಲಾಗ್ತೈತಿ, ಕೆಲವದರಾಗ ಅಲ್ಲಿ 12 ವೋಲ್ಟ್ ಇರ್ತೈತಿ. ಗ್ರೌಂಡ್ ಅಂತ ತಿಳದು ಅದನ್ನ ವಿಜಿಎ ಗ್ರೌಂಡಿಗೆ ಕೂಡಿಸಿದ್ರ ಅನಾಹುತ.

ಪ್ಲಗ್ಗಿನ ಪಿನ್ ಸಾಲು 4, 4, 4, ಕೆಳಗ ಒಂದು. ನಕ್ಷೆಯೊಳಗ ಕಂಪ್ಯೂಟರಿನ ಸಾಕೆಟ್ಟನ್ನ ಹೊರಗಿಂದ ನೋಡಿದಂಗ ಬರದಿರ್ತಾರ. ಪ್ಲಗ್ಗಿನ ಬೆಸುಗೆ ಹಾಕೋ ಮಗ್ಗಲೂ ಹಂಗ ಕಾಣ್ತೈತಿ, ಮುಂದಿನ ಮಗ್ಗಲು ಕನ್ನಡಿಯಂಗ ಉಲ್ಟಾ. ಅರ್ಧ ತಪ್ಪು ಆಗೂದು ಇಲ್ಲೇ. ಒಂಟಿ ಪಿನ್ 13, ಅದರಿಂದ ಯಂತ್ರದ ಲೋಹದ ಕವಚಕ್ಕ ಮಲ್ಟಿಮೀಟರಿನ್ಯಾಗ ಬೀಪ್ ಬರಬೇಕು. ಅದನ್ನ ಗುರುತು ಮಾಡ್ಕೊಂಡು ಉಳಿದದ್ದು ಎಣಿಸ್ರಿ.

13 ಪಿನ್ ಡಿನ್ ಸಾದಾ ಅಂಗಡಿಯಾಗ ಸಿಗೂ ಮಾಲಲ್ಲ, ಹೊರಗಿಂದ ತರಸಬೇಕಾಗ್ತೈತಿ. ಬೆಸುಗಿ ಹಾಕೂ ಮುಂದ ಪ್ಲಗ್ಗನ್ನ ಒಂದು ಹಳೇ ಸಾಕೆಟ್ಟಿಗೆ ಸಿಗಸಿ ಹಾಕ್ರಿ. ಪ್ಲಾಸ್ಟಿಕ್ ಕರಗಿ ಪಿನ್ ವಾಲಿದ್ರ ಮತ್ತ ಎಂದೂ ನೆಟ್ಟಗ ಕೂಡಂಗಿಲ್ಲ.

ಹಳೇಯಂತ್ರ | #4

ಮಾಹಿತಿ ಪುಟದಲ್ಲಿ 720×400, 70 ಹರ್ಟ್ಸ್ ಎಂದೇ ಇದೆ. ಕ್ಲಾಕ್ ನಾಲ್ಕು ಹೆಜ್ಜೆ ಇಳಿಸಿ, ಫೇಸ್ ಹೊಂದಿಸಿದ ಮೇಲೆ ಪಟ್ಟಿಗಳು ಹೋದವು. ಚುಕ್ಕಿ ಹಿನ್ನೆಲೆ ಈಗ ಎಲ್ಲ ಕಡೆ ಒಂದೇ ತರಹ. ಕಾಂಟ್ರಾಸ್ಟ್ ಏರಿಸಿದ ಮೇಲೆ ಬಿಳಿಯೂ ಬಂತು.

ಉಳಿದಿರುವುದು: ಅಕ್ಷರಗಳ ನಿಂತ ಗೆರೆಗಳು ಒಂದೇ ದಪ್ಪ ಇಲ್ಲ. ಕೆಲವು ತೆಳು, ಕೆಲವು ದಪ್ಪ.

ಗಡಿಯಾರತರಂಗ | #5

ಅದಕ್ಕೆ ಆ ಮಾನಿಟರ್‌ನಲ್ಲಿ ಮದ್ದಿಲ್ಲ. ಸ್ಯಾಂಪಲ್ ಈಗ ಸರಿಯಾಗಿದೆ, ಆದರೆ ಮಾನಿಟರ್ ಇನ್ನೂ ಇದು 720 ಅಗಲದ ಚಿತ್ರ ಎಂದೇ ನಂಬಿದೆ. 720ನ್ನು 1280ಕ್ಕೆ ಹಿಗ್ಗಿಸಿದರೆ ಒಂದು ಪಿಕ್ಸೆಲ್‌ಗೆ 1.78 ಪಾಲು. ಕೆಲವಕ್ಕೆ ಎರಡು ಕಂಬ, ಕೆಲವಕ್ಕೆ ಒಂದೂ ಚಿಲ್ಲರೆ. ಎತ್ತರದಲ್ಲೂ 400ನ್ನು 1024ಕ್ಕೆ ಎಳೆದರೆ 2.56.

ಬೇರೆ ಮಾನಿಟರ್ ಇರುವವರಿಗಾಗಿ, ಪಟ್ಟಿ ಎಣಿಸಿ ರೋಗ ತಿಳಿಯುವ ಲೆಕ್ಕ ಬರೆದಿಡುತ್ತೇನೆ. ಕಾಣುವ ಪಟ್ಟಿಗಳ ಸಂಖ್ಯೆಯನ್ನು 1.4ರಿಂದ ಗುಣಿಸಿ, ಅಷ್ಟು ಹೆಜ್ಜೆ ಕ್ಲಾಕ್ ತಪ್ಪಿದೆ ಎಂದರ್ಥ. ಮಾನಿಟರ್ ಇದನ್ನು ಮ್ಯಾಕಿನ 640×480, 67 ಹರ್ಟ್ಸ್ ಎಂದು ಹಿಡಿದರೆ ಗೆರೆಗೆ 864 ಸ್ಯಾಂಪಲ್, 32 ಕಡಿಮೆ, 23 ಪಟ್ಟಿ. 640×480, 75 ಹರ್ಟ್ಸ್ ಎಂದು ಹಿಡಿದರೆ 840, ಸುಮಾರು 40 ಪಟ್ಟಿ. ಸಾದಾ 640×480, 60 ಹರ್ಟ್ಸ್ ಆದರೆ 800, ಆಗ ಹತ್ತಿರ ಹತ್ತಿರ 70 ಪಟ್ಟಿ. ಅಷ್ಟಾದರೆ ಎಣಿಸಲು ಬರುವುದಿಲ್ಲ, ಇಡೀ ಪರದೆಯೇ ಕಲಸಿದ ಹಾಗೆ ಕಾಣುತ್ತದೆ.

480 ಗೆರೆ ಎಂದು ಹಿಡಿದ ಮಾನಿಟರ್‌ನಲ್ಲಿ ಮೇಲೆ ಅಥವಾ ಕೆಳಗೆ ಕಪ್ಪು ಉಳಿಯುತ್ತದೆ, ಅಗಲ ಮಾತ್ರ ಸರಿಯಾಗಿ 640. ವಿಚಿತ್ರ ಎಂದರೆ 1280 ಅಗಲದ ಪರದೆಗೆ ಇದೇ ಮೇಲು, ಏಕೆಂದರೆ ಅಡ್ಡಕ್ಕೆ ಕರಾರುವಾಕ್ಕಾಗಿ ಎರಡು ಪಟ್ಟು. 32 ಹೆಜ್ಜೆ ಏರಿಸುವ ತಾಳ್ಮೆ ಬೇಕು. ಕೆಲವು ಮಾನಿಟರ್‌ಗಳ ಮೆನು ಅಷ್ಟು ದೂರ ಬಿಡುವುದಿಲ್ಲ.

ಆಟೋ ಅಡ್ಜಸ್ಟ್ ಒತ್ತುವವರು ಮೊದಲು ಒಂದು ವಿಂಡೋವನ್ನು ಪೂರ್ತಿ ಹಿಗ್ಗಿಸಿ, ನಾಲ್ಕು ಅಂಚಿನಲ್ಲೂ ಬಿಳಿ ಇರುವಂತೆ ಮಾಡಿಕೊಳ್ಳಿ. ಬಿಳಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯಿತು ಎಂದು ನೋಡಿಯೇ ಅದು ಅಗಲ ಅಳೆಯುತ್ತದೆ.

ಕಪ್ಪುಬಿಳುಪು640 | #6

ಹೊಸದಾಗಿ ಮಾನಿಟರ್ ಹುಡುಕುವವರು 1920×1200 ಪರದೆ ಹುಡುಕಿ. 640ರ ಮೂರು ಪಟ್ಟು 1920. 400ರ ಮೂರು ಪಟ್ಟು 1200. ಒಂದು ಪಿಕ್ಸೆಲ್ ಉಳಿಯುವುದಿಲ್ಲ, ಒಂದು ಸಾಲುವುದಿಲ್ಲ ಎಂಬುದೂ ಇಲ್ಲ. 24 ಇಂಚಿನ ಹಳೆಯ 16:10 ಮಾನಿಟರ್‌ಗಳನ್ನು ಕಚೇರಿಗಳು ಮಾರಿಬಿಡುತ್ತವೆ. ಈಗ ಎಲ್ಲೆಡೆ ಸಿಗುವ 1920×1080ರಲ್ಲಿ ಎತ್ತರ 2.7 ಪಟ್ಟು ಆಗುತ್ತದೆ, ಅಡ್ಡ ಗೆರೆಗಳು ಏರುಪೇರು.

ಆದರೆ ಆ ಮೂರು ಪಟ್ಟು ಸಿಗಬೇಕಾದರೆ ಮಾನಿಟರ್‌ಗೆ ಇದು 640×400 ಎಂದು ಗೊತ್ತಾಗಬೇಕು. ಅದಕ್ಕೆ ನಡುವೆ ಒಂದು ಸ್ಕೇಲರ್ (ಚಿತ್ರವನ್ನು ಹಿಗ್ಗಿಸಿಕೊಡುವ ಪೆಟ್ಟಿಗೆ) ಇಡುವುದೇ ಸರಿ. ಓಎಸ್‌ಎಸ್‌ಸಿ ಎಂಬ ಅಂಥ ಸಾಧನ ಬಳಸುವವರಿಗೆ ಅಂಕಿಗಳು: ವಿಜಿಎ ಸಾಕೆಟ್ಟಿಗೆ ಕೊಟ್ಟು ಎವಿ3, ಆರ್‌ಜಿಬಿಎಚ್‌ವಿ ಆರಿಸಿ. ಟೈಮಿಂಗ್ ಪುಟದಲ್ಲಿ ಅಡ್ಡ ಸ್ಯಾಂಪಲ್ ರೇಟ್ 896, ಅಡ್ಡ ಆಕ್ಟಿವ್ 640, ಲಂಬ ಆಕ್ಟಿವ್ 400. ಬ್ಯಾಕ್‌ಪೋರ್ಚ್ (ಸಿಂಕ್ ಆದ ಮೇಲಿನ ಖಾಲಿ ಅಂತರ) ಎರಡನ್ನೂ ಕಣ್ಣಳತೆಯಲ್ಲಿ ಸರಿಸಿ. ಕೊನೆಗೆ ಸ್ಯಾಂಪ್ಲಿಂಗ್ ಫೇಸ್. ಇದನ್ನು ಒಂದು ಪ್ರೊಫೈಲ್ ಆಗಿ ಉಳಿಸಿಡಿ.

ಎಚ್‌ಡಿಎಂಐ ಕಡೆ ಹೊರಬರುವುದು 71 ಹರ್ಟ್ಸ್. ಅನೇಕ ಟಿವಿಗಳು 50 ಮತ್ತು 60 ಬಿಟ್ಟು ಬೇರೆ ಒಪ್ಪುವುದಿಲ್ಲ, ಕಂಪ್ಯೂಟರ್ ಮಾನಿಟರ್‌ಗಳು ಹೆಚ್ಚು ಉದಾರ. ಕೊಳ್ಳುವ ಮೊದಲು ಒಂದು ಪಿಸಿಯಿಂದ 70 ಅಥವಾ 72 ಹರ್ಟ್ಸ್ ಕೊಟ್ಟು ನೋಡಿ.

ಇನ್ನೊಂದು ದಾರಿ ಆರ್‌ಜಿಬಿ-ಟು-ಎಚ್‌ಡಿಎಂಐ: ರಾಸ್ಪ್‌ಬೆರಿ ಪೈ ಝೀರೊ ಮೇಲೆ ಕೂರುವ ಸಣ್ಣ ಬೋರ್ಡ್. ಪಿಕ್ಸೆಲ್ ಒಂದಕ್ಕೆ ಒಂದೇ ಸ್ಯಾಂಪಲ್ ತೆಗೆದು, ಪೂರ್ಣ ಪಟ್ಟಿನಲ್ಲಿ ಹಿಗ್ಗಿಸಿ, ಸುತ್ತ ಕಪ್ಪು ಬಿಡುತ್ತದೆ. ಕಪ್ಪು-ಬಿಳುಪು ಚಿತ್ರ ಅಂದರೆ ಹೌದು ಅಥವಾ ಇಲ್ಲ, ಅಷ್ಟೇ. ಅದಕ್ಕೆ ಇದಕ್ಕಿಂತ ಶುದ್ಧ ವಿಧಾನ ನನಗೆ ಕಾಣದು.

ಮಿಡಿತಂತಿ | #7

ಮಂಕುತನಕ್ಕೆ ಕಾಂಟ್ರಾಸ್ಟ್ ಸಾಲದಿದ್ದರೆ 2ಎನ್3904 ಟ್ರಾನ್ಸಿಸ್ಟರ್ ಒಂದನ್ನು ಎಮಿಟರ್ ಫಾಲೋವರ್ ಆಗಿ ಹಾಕಿದರೆ ಮೂರೂ ಬಣ್ಣಕ್ಕೆ ಕರೆಂಟ್ ಸಾಕಾಗುತ್ತದೆ ಅಲ್ಲವೇ?

ಇನ್ನೊಂದು ಮಾತು, ಸಂಗೀತಕ್ಕೆ ಎಸ್‌ಟಿ ಬಳಸುವವರಿಗೆ. ಕ್ಯೂಬೇಸ್, ನೋಟೇಟರ್ ಎರಡೂ ಹೈ ರೆಸಲ್ಯೂಶನ್ ಬೇಡುವಂಥವು, ಬಣ್ಣದ ಮಾನಿಟರ್ ಕಂಡರೆ ನಡೆಯುವುದಿಲ್ಲ. ಎಸ್‌ಎಂ124 ತೆಗೆದು ಎಲ್‌ಸಿಡಿ ಇಟ್ಟಾಗ ಮೆಟ್ರೊನೋಮ್ ಸದ್ದು ಕೇಳದೆ ಹೋದರೆ ಹೆದರಬೇಡಿ. ಎಸ್‌ಟಿಯೊಳಗೆ ಸ್ಪೀಕರ್ ಇಲ್ಲ, ಇದ್ದದ್ದು ಆ ಮಾನಿಟರ್‌ನಲ್ಲಿ. #3ರಲ್ಲಿ ಹೇಳಿದ ಪಿನ್ 1ರ ಜ್ಯಾಕ್ ಅದಕ್ಕೇ.

ಬೆಸುಗೆಕಡ್ಡಿ | #8

ಟ್ರಾನ್ಸಿಸ್ಟರ್ ಹಂಗ ನೇರ ಹಾಕಿದ್ರ ನಡಿಯಂಗಿಲ್ರಿ. ಬೇಸ್‌ನಿಂದ ಎಮಿಟರಿಗೆ ಬರೂದ್ರಾಗ 0.65 ವೋಲ್ಟ್ ಹೋಗ್ತೈತಿ. ಸಿಗ್ನಲ್ ಇರೂದ 1 ವೋಲ್ಟ್, ಕೈಗೆ ಸಿಗೂದು 0.35. ಇದ್ದದ್ದಕ್ಕಿಂತ ಮಂಕು. ಬಯಾಸ್ ಕೊಟ್ಟು ಕಪ್ಪು ಮಟ್ಟ ಮ್ಯಾಲೆ ಎತ್ತಿ ಮಾಡಬೌದು, ಆದ್ರ ಅಷ್ಟು ಕಷ್ಟ ಪಡೂ ಬದಲಿ ಒಂದು ವಿಡಿಯೊ ಆಂಪ್ಲಿಫೈಯರ್ ಚಿಪ್ ಹಾಕೂದು ಚಲೋ.

ಚಿಪ್ ಆರಿಸೂ ಮುಂದ ಎಚ್ಚರ. ಹಳೇ ಗೇಮ್ ಕನ್ಸೋಲಿಗೆ ಎಲ್ಲಾರೂ ಹೇಳೂದು ಟಿಎಚ್‌ಎಸ್7314. ಅದರಾಗ 8.5 ಮೆಗಾಹರ್ಟ್ಸ್ ಫಿಲ್ಟರ್ ಐತಿ. ಎಸ್‌ಟಿಯ ಕಪ್ಪು-ಬಿಳಿ-ಕಪ್ಪು-ಬಿಳಿ ಚುಕ್ಕಿ ಸಾಲು ಅಂದ್ರ 16 ಮೆಗಾಹರ್ಟ್ಸ್. ಆ ಫಿಲ್ಟರ್ ಅದನ್ನ ನುಂಗಿ ಬರೇ ಬೂದಿ ಕೊಡ್ತೈತಿ. ಇಲ್ಲಿ ಬೇಕಾದದ್ದು ಟಿಎಚ್‌ಎಸ್7316, ಅದರ ಫಿಲ್ಟರ್ 36 ಮೆಗಾಹರ್ಟ್ಸ್.

ಕಟ್ಟೂ ರೀತಿ: ಪಿನ್ 11ರಿಂದ 24 ಓಮ್ ಸರಣಿಯಾಗ, ಅಲ್ಲಿಂದ 51 ಓಮ್ ಗ್ರೌಂಡಿಗೆ. ಎರಡೂ ಕೂಡಿ 75 ಆತು, ಎಸ್‌ಟಿಗೆ ಸರಿಯಾದ ಲೋಡ್ ಸಿಕ್ತು. ನಡುವಿನ ಬಿಂದುವಿನ್ಯಾಗ 0.68 ವೋಲ್ಟ್. ಅದನ್ನ ಚಿಪ್ಪಿನ ಮೂರೂ ಇನ್‌ಪುಟ್ಟಿಗೆ ಕೂಡಿಸ್ರಿ. ಚಿಪ್ ಎರಡು ಪಟ್ಟು ಮಾಡ್ತೈತಿ, ಮೂರೂ ಔಟ್‌ಪುಟ್ಟಿಗೆ ಒಂದೊಂದು 75 ಓಮ್ ಹಾಕಿ ವಿಜಿಎಗೆ ಕೊಟ್ರ ಮಾನಿಟರಿನ 75 ಓಮ್ ಅದನ್ನ ಮತ್ತ ಅರ್ಧ ಮಾಡ್ತೈತಿ. ಕಡೀಕ 0.68, ಚೊಕ್ಕ ಬಿಳಿ. ಚಿಪ್ಪಿನ ಪವರ್ ಪಿನ್ನಿಗೆ ಹತ್ತಿ 0.1 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್ ಮರೀಬ್ಯಾಡ್ರಿ.

5 ವೋಲ್ಟ್ ಮಾನಿಟರ್ ಪೋರ್ಟಿನ್ಯಾಗ ಇಲ್ಲ. ಜಾಯ್‌ಸ್ಟಿಕ್ ಪೋರ್ಟ್ 1ರಾಗ ಪಿನ್ 7ಕ್ಕ 5 ವೋಲ್ಟ್, ಪಿನ್ 8ಕ್ಕ ಗ್ರೌಂಡ್. ಇಷ್ಟು ಸಣ್ಣ ಕರೆಂಟಿಗೆ ಅದು ಸಾಕು.

ಹೊಸಬ_ಮ್ಯಾಕ್ | #9

ಮ್ಯಾಕಿಂತೋಷ್ ಪ್ಲಸ್‌ಗೂ ಇದೇ ವಿಧಾನ ನಡೆಯುತ್ತದೆಯೇ? ಒಳಗಿನ ಟ್ಯೂಬ್ ಬದಲಿಗೆ ಹೊರಗೆ ಎಲ್‌ಸಿಡಿ.

ಗಡಿಯಾರತರಂಗ | #10

ಇಲ್ಲ. ಪ್ಲಸ್‌ನ 512×342 ಚಿತ್ರದ ಪಿಕ್ಸೆಲ್ ಕ್ಲಾಕ್ 15.6672 ಮೆಗಾಹರ್ಟ್ಸ್, ಗೆರೆಗೆ 704, ಒಟ್ಟು 370 ಗೆರೆ. ಅಡ್ಡ ಆವರ್ತನ 22.25 ಕಿಲೋಹರ್ಟ್ಸ್. ವಿಜಿಎ ಮಾನಿಟರ್‌ಗಳ ಕೆಳಮಿತಿ ಸಾಮಾನ್ಯವಾಗಿ 30ರ ಆಸುಪಾಸು, ಹಾಗಾಗಿ ಪರದೆ ಕಪ್ಪು. ವಿಡಿಯೊ ಕೂಡ ಟಿಟಿಎಲ್ (5 ವೋಲ್ಟ್ ಡಿಜಿಟಲ್) ಮಟ್ಟದ್ದು, 0.7 ವೋಲ್ಟ್‌ನದ್ದಲ್ಲ. #6ರಲ್ಲಿ ಹೇಳಿದ ಪೈ ಬೋರ್ಡಿನಂಥದ್ದೇ ಬೇಕು. ಪ್ರೊಫೈಲಿನಲ್ಲಿ ಮೇಲಿನ ಅಂಕಿ ಕೊಡಿ.

ಮ್ಯಾಕ್ 2ರ ಕಥೆ ಬೇರೆ. ಅದರ 640×480 ಚಿತ್ರ 35 ಕಿಲೋಹರ್ಟ್ಸ್, 66.7 ಹರ್ಟ್ಸ್. ಎಸ್‌ಟಿಗೆ ತೀರಾ ಹತ್ತಿರ. ಹಳೆಯ ಮಾನಿಟರ್ ಒಂದರ ಕೈಪಿಡಿಯಲ್ಲಿ ಮ್ಯಾಕಿನ 640×480 ಇದ್ದರೆ, ಅಥವಾ 800×600, 56 ಹರ್ಟ್ಸ್ ಇದ್ದರೆ (ಅದು 35.2 ಕಿಲೋಹರ್ಟ್ಸ್), ಎಸ್‌ಟಿಯೂ ಹಿಡಿಯುವ ಸಾಧ್ಯತೆ ಹೆಚ್ಚು. 31.5ಕ್ಕೆ ಮಾತ್ರ ಕಟ್ಟಿದ ಮೊದಲ ತಲೆಮಾರಿನ ವಿಜಿಎ ಟ್ಯೂಬ್ ಮಾನಿಟರ್‌ಗೆ ಎಸ್‌ಟಿ ಹಾಕಬೇಡಿ. ಸಿಂಕ್ ಸಿಗದೆ ಚಿತ್ರ ಹರಿದುಹೋಗುತ್ತದೆ. ಒಳಗಿನ ಅಡ್ಡ ಔಟ್‌ಪುಟ್ ಟ್ರಾನ್ಸಿಸ್ಟರ್‌ಗೂ ಅದು ಒಳ್ಳೆಯದಲ್ಲ.

ಮ್ಯಾಕ್ 2 ವಿಡಿಯೊ ಕಾರ್ಡ್‌ನ 15 ಪಿನ್ ಸಾಕೆಟ್ಟಿನಲ್ಲಿ 4, 7, 10ನೇ ಪಿನ್‌ಗಳು ಮಾನಿಟರ್ ಯಾವುದು ಎಂದು ತಿಳಿಸುವ ಪಿನ್‌ಗಳು. ಎಸ್‌ಟಿಯಲ್ಲಿ ಪಿನ್ 4 ಒಂದೇ ಮಾಡುವ ಕೆಲಸವನ್ನು ಅಲ್ಲಿ ಮೂರು ಮಾಡುತ್ತವೆ. ಅವುಗಳ ಜೋಡಣೆ ನೋಡಿಯೇ ಕಾರ್ಡು 640×480 ಕೊಡಬೇಕೋ, ಉದ್ದ ಪುಟದ 640×870 ಕೊಡಬೇಕೋ, ಎರಡು ಪುಟದ 1152×870 ಕೊಡಬೇಕೋ ನಿರ್ಧರಿಸುತ್ತದೆ. ಪಿನ್‌ಗಳನ್ನು ಹಾಗೇ ಬಿಟ್ಟರೆ ಮಾನಿಟರ್ ಇಲ್ಲ ಎಂದೇ ತಿಳಿಯುತ್ತದೆ. ಡಿಪ್ ಸ್ವಿಚ್ ಇರುವ ಮ್ಯಾಕ್-ವಿಜಿಎ ಅಡಾಪ್ಟರ್‌ಗಳು ಇದಕ್ಕೇ. ಹೆಚ್ಚಿನದಕ್ಕೆ ಬೇರೆ ಎಳೆ ತೆರೆಯಿರಿ.

ಹಳೇಯಂತ್ರ | #11

ಪಿನ್ 4ಕ್ಕೆ ಸ್ವಿಚ್ ಹಾಕಿದರೆ ಅದೇ ಮಾನಿಟರ್‌ನಲ್ಲಿ ಬಣ್ಣವೂ ಬರುತ್ತದೆಯೇ?

ಕಪ್ಪುಬಿಳುಪು640 | #12

ಬರುವುದಿಲ್ಲ. ಬಣ್ಣದ ಎರಡೂ ಮೋಡ್ ಸುಮಾರು 15.7 ಕಿಲೋಹರ್ಟ್ಸ್, ಟಿವಿಯ ಲೆಕ್ಕ. ಅದನ್ನು ಹಿಡಿಯುವ ವಿಜಿಎ ಮಾನಿಟರ್‌ಗಳು ಬೆರಳೆಣಿಕೆ. ಬಣ್ಣಕ್ಕೆ 7, 6, 10ನೇ ಪಿನ್‌ಗಳಿಂದ ಕೆಂಪು, ಹಸಿರು, ನೀಲಿ ತೆಗೆದು ಸ್ಕಾರ್ಟ್ ಇರುವ ಟಿವಿಗೋ ಸ್ಕೇಲರ್‌ಗೋ ಕೊಡಬೇಕು.

ಸ್ವಿಚ್ ಹಾಕುವುದಾದರೆ ಒಂದು ತಿಳಿದಿರಲಿ. ಪಿನ್ 4 ಹೋಗಿ ಸೇರುವುದು 68901 ಎಂಎಫ್‌ಪಿ ಎಂಬ ಇನ್‌ಪುಟ್-ಔಟ್‌ಪುಟ್ ಚಿಪ್ಪಿನ ಏಳನೇ ಬಿಟ್ಟಿಗೆ. ಟಾಸ್ ಪ್ರತಿ ಫ್ರೇಮಿಗೂ ಅದನ್ನು ನೋಡುತ್ತದೆ, ಬದಲಾದರೆ ಯಂತ್ರವನ್ನೇ ರೀಸೆಟ್ ಮಾಡುತ್ತದೆ. ಫ್ಲಾಪಿ ಬರೆಯುತ್ತಿರುವಾಗ ಸ್ವಿಚ್ ಮುಟ್ಟಿದರೆ ಫ್ಲಾಪಿ ಹಾಳು, ಉಳಿಸದ ಕಡತ ಹೋಯಿತು. ಸಡಿಲವಾದ ಪ್ಲಗ್ಗಿನಿಂದಲೂ ಇದೇ ಆಗುತ್ತದೆ. ಕೇಬಲ್ ಅಲುಗಿದಾಗ ಯಂತ್ರ ತಾನಾಗಿ ರೀಸೆಟ್ ಆಗುತ್ತಿದ್ದರೆ ಮೊದಲು ಪಿನ್ 4ರ ಬೆಸುಗೆ ನೋಡಿ, ಪವರ್ ಸಪ್ಲೈ ಬಿಚ್ಚುವುದು ಆಮೇಲೆ.

ಟಿಟಿ030 | #13

#1ರ ಕೊನೆಯ ಪ್ರಶ್ನೆಗೆ, ಅಂದರೆ 640×400ಕ್ಕಿಂತ ದೊಡ್ಡದು ಬೇಕು ಎಂಬುದಕ್ಕೆ.

ನಿಮ್ಮ 1040ರಲ್ಲಿ ಶಿಫ್ಟರ್ ಇದಕ್ಕಿಂತ ಹೆಚ್ಚು ಬಿಟ್ ಪಡೆಯುವುದಿಲ್ಲ. #2ರ ಹಂಚಿಕೆಯೇ ಅದರ ಮಿತಿ. ಓವರ್‌ಸ್ಕ್ಯಾನ್ ಎಂಬ ಒಂದು ತಂತ್ರ ಇದೆ: ಸಮಯ ನಿಯಂತ್ರಿಸುವ ಗ್ಲೂ ಚಿಪ್ಪಿನಿಂದ ಬರುವ ಡಿಸ್‌ಪ್ಲೇ ಎನೇಬಲ್ ಸಿಗ್ನಲ್ಲನ್ನು ಹೆಚ್ಚು ಹೊತ್ತು ಎತ್ತಿ ಹಿಡಿದು, ಖಾಲಿ ಅಂಚಿನಲ್ಲೂ ಚಿತ್ರ ಬಿಡಿಸುವುದು. 256 ಖಾಲಿ ಕ್ಲಾಕ್, 101 ಖಾಲಿ ಗೆರೆಗಳಲ್ಲಿ ಒಂದಿಷ್ಟು ಕಸಿದುಕೊಳ್ಳಬಹುದು. ಟ್ಯೂಬ್ ಮಾನಿಟರ್‌ಗೆ ಅದು ಸರಿ. ಎಲ್‌ಸಿಡಿ ಮತ್ತು ಸ್ಕೇಲರ್‌ಗೆ ನಾನು ಹೇಳುವುದಿಲ್ಲ, ಬ್ಲ್ಯಾಂಕಿಂಗ್ (ಆ ಖಾಲಿ ಭಾಗ) ಕಿರಿದಾದಷ್ಟೂ ಅವು ಕಪ್ಪು ಮಟ್ಟ ಅಳೆಯಲು ಒದ್ದಾಡುತ್ತವೆ.

ನಿಜವಾದ ದೊಡ್ಡ ಪರದೆಗೆ ಬೇರೆ ಯಂತ್ರವೇ ಬೇಕು. ಅಟಾರಿಯದೇ ಇನ್ನೊಂದು ಮಾದರಿಯಾದ ಮೆಗಾ ಎಸ್‌ಟಿಯೊಳಗೆ ಪ್ರೊಸೆಸರ್ ಬಸ್ಸಿನ 64 ಪಿನ್ ಕನೆಕ್ಟರ್ ಇದೆ, ಮೆಗಾ ಎಸ್‌ಟಿಇ ಮತ್ತು ಟಿಟಿಯಲ್ಲಿ ವಿಎಂಇ ಎಂಬ ವಿಸ್ತರಣೆ ಸ್ಲಾಟ್. ಗ್ರಾಫಿಕ್ಸ್ ಕಾರ್ಡ್‌ಗಳು ಅಲ್ಲಿ ಕೂರುತ್ತವೆ.

1990ರ ಟಿಟಿ030ರಲ್ಲಿ ದೊಡ್ಡ ಪರದೆ ಒಳಗೇ ಇದೆ: 1280×960 ಕಪ್ಪು-ಬಿಳುಪು. 320×480ರಲ್ಲಿ 256 ಬಣ್ಣ, 640×480ರಲ್ಲಿ 16 ಬಣ್ಣ, ಮತ್ತು ಇದು. ಮೂರಕ್ಕೂ 1,53,600 ಬೈಟ್. ಎಸ್‌ಟಿಯ ತತ್ವವೇ, 4.8 ಪಟ್ಟು. ಬಣ್ಣದ ಮೋಡ್‌ಗಳು ಸಾಮಾನ್ಯ ವಿಜಿಎ ಮಾನಿಟರ್‌ನಲ್ಲಿ ಬರುತ್ತವೆ. 1280×960 ಮಾತ್ರ ಬರುವುದಿಲ್ಲ. ಸಾಕೆಟ್ ವಿಜಿಎಯಂತೆ 15 ಪಿನ್ನಿನದೇ, ಆದರೆ ಆ ಮೋಡ್‌ನ ವಿಡಿಯೊ ಇಸಿಎಲ್ (ವೇಗದ ಡಿಜಿಟಲ್ ಸಿಗ್ನಲ್) ಮಟ್ಟದಲ್ಲಿ ಬೇರೆ ಪಿನ್‌ಗಳಲ್ಲಿ ಹೋಗುತ್ತದೆ, ಟಿಟಿಎಂ194ರಂಥ 19 ಇಂಚಿನ ಮಾನಿಟರ್‌ಗಾಗಿ. ಎಲ್‌ಸಿಡಿಗೆ ಕೊಡಲು ಇಸಿಎಲ್‌ನಿಂದ ಅನಲಾಗಿಗೆ ಬದಲಿಸುವ ಪರಿವರ್ತಕ ಬೇಕೇ ಬೇಕು, ಬರೀ ತಂತಿ ಬದಲಿಸಿದರೆ ಆಗದು. ಸಿಕ್ಕರೆ 1280×1024 ಎಲ್‌ಸಿಡಿ ಇದಕ್ಕೆ ಹೇಳಿ ಮಾಡಿಸಿದ್ದು: ಅಗಲ ಒಂದಕ್ಕೊಂದು, ಎತ್ತರದಲ್ಲಿ 64 ಗೆರೆ ಮಾತ್ರ ಮಿಗುತ್ತದೆ. ಹಿಗ್ಗಿಸದೆ ತೋರಿಸು ಎಂಬ ಆಯ್ಕೆ ಮೆನುವಿನಲ್ಲಿದ್ದರೆ ಹಾಕಿಕೊಳ್ಳಿ.

ಜೆಮ್_ಬರಹ | #14

ದೊಡ್ಡ ಪರದೆ ಬಂದ ಮೇಲೆ ಕೈಕೊಡುವುದು ಪ್ರೋಗ್ರಾಂಗಳು, ಕಾರಣ ಇಲ್ಲಿದೆ.

ಜೆಮ್ (ಎಸ್‌ಟಿಯ ವಿಂಡೋ ವ್ಯವಸ್ಥೆ) ನಿಯಮದ ಪ್ರಕಾರ ಪ್ರೋಗ್ರಾಂ ವರ್ಕ್‌ಸ್ಟೇಷನ್, ಅಂದರೆ ಚಿತ್ರಿಸುವ ಜಾಗ, ತೆರೆದಾಗ ವಿಡಿಐ (ಜೆಮ್‌ನ ಚಿತ್ರಿಸುವ ಭಾಗ) ಒಂದು ಪಟ್ಟಿ ಕೊಡುತ್ತದೆ. ಅದರ ಮೊದಲ ಎರಡು ಅಂಕಿ ಪರದೆಯ ಕೊನೆಯ ಬಿಂದುಗಳು, ಎಸ್‌ಟಿ ಹೈನಲ್ಲಿ 639 ಮತ್ತು 399. ಆ ಅಂಕಿಗಳನ್ನು ಕೇಳಿ ಬರೆದ ಪ್ರೋಗ್ರಾಂ 1280×960ರಲ್ಲೂ ಸಲೀಸಾಗಿ ಹರಡಿಕೊಳ್ಳುತ್ತದೆ. ಆದರೆ ವೇಗದ ಆಸೆಗೆ ಅನೇಕರು ನೇರವಾಗಿ ಪರದೆಯ ಮೆಮೊರಿಗೆ ಬರೆದರು: ಸಾಲಿಗೆ 80 ಬೈಟ್, ಒಟ್ಟು 32,000, ಮುಗಿಯಿತು. ಟಿಟಿ ಹೈನಲ್ಲಿ ಸಾಲಿಗೆ 160 ಬೈಟ್. ಹಾಗಾಗಿ ಅಂಥ ಪ್ರೋಗ್ರಾಂನ ಸಮ ಗೆರೆಗಳು ಎಡ ಅರ್ಧದಲ್ಲಿ, ಬೆಸ ಗೆರೆಗಳು ಬಲ ಅರ್ಧದಲ್ಲಿ ಬಿದ್ದು, ಒಂದೇ ಚಿತ್ರ ಎರಡು ಚಪ್ಪಟೆ ಚಿತ್ರವಾಗಿ ಪರದೆಯ ಮೇಲ್ಭಾಗದಲ್ಲಿ ಕಾಣುತ್ತದೆ. ಇದನ್ನು ಕಂಡರೆ ಯಂತ್ರ ಕೆಟ್ಟಿದೆ ಎಂದುಕೊಳ್ಳಬೇಡಿ.

ಇನ್ನೊಂದು ಗುಂಪು ಈಗಿನ ರೆಸಲ್ಯೂಶನ್ ಯಾವುದೆಂದು ಹೇಳುವ ಗೆಟ್‌ರೆಝ್ ಕರೆಯನ್ನು ನಂಬಿದ್ದು. ಅದು ಲೋ, ಮೀಡಿಯಂ, ಹೈಗೆ 0, 1, 2 ಕೊಡುತ್ತದೆ. ಟಿಟಿ ಮೀಡಿಯಂಗೆ 4, ಹೈಗೆ 6, ಲೋಗೆ 7. 2 ಅಲ್ಲದಿದ್ದರೆ ಬಣ್ಣದ ಮಾನಿಟರ್ ಎಂದು ತೀರ್ಮಾನಿಸುವ ಪ್ರೋಗ್ರಾಂ, 1280×960 ಕಪ್ಪು-ಬಿಳುಪು ಪರದೆಯಲ್ಲಿ ಕಪ್ಪು-ಬಿಳುಪು ಮಾನಿಟರ್ ಹಾಕಿ ಎಂದು ಹೇಳಿ ನಿಂತುಬಿಡುತ್ತದೆ.

ಯಂತ್ರ ಕೊಳ್ಳುವ ಮೊದಲು ಪರೀಕ್ಷಿಸುವುದು ಸುಲಭ. ಪಿಸಿಯಲ್ಲಿ ಎಸ್‌ಟಿಯನ್ನು ಅನುಕರಿಸುವ ಹಟಾರಿ ಎಮ್ಯುಲೇಟರ್‌ನಲ್ಲಿ ವಿಸ್ತೃತ ವಿಡಿಐ ರೆಸಲ್ಯೂಶನ್ ಆಯ್ಕೆ ಇದೆ. ಅದನ್ನು ಹಾಕಿ, ನಿಮಗೆ ಬೇಕಾದ ಪ್ರೋಗ್ರಾಂ ಓಡಿಸಿ. ಅಲ್ಲಿ ಸರಿಯಾಗಿ ಹರಡಿಕೊಂಡರೆ ಕಾರ್ಡಿನಲ್ಲೂ ಬಹುತೇಕ ಹರಡಿಕೊಳ್ಳುತ್ತದೆ. ಪುಟ ವಿನ್ಯಾಸದ ಕ್ಯಾಲಮಸ್‌ಗೆ ದೊಡ್ಡ ಪರದೆ ನಿಜಕ್ಕೂ ಬೇರೆಯೇ ಅನುಭವ. ಆಟಗಳನ್ನು ಈ ಪಟ್ಟಿಗೆ ಸೇರಿಸಲೇಬೇಡಿ.

ವೇಗದ ಲೆಕ್ಕವೂ ಇರಲಿ. ಪರದೆ 4.8 ಪಟ್ಟು ದೊಡ್ಡದಾದರೆ ಪೂರ್ತಿ ಪರದೆ ಸ್ಕ್ರೋಲ್ ಮಾಡಲು ಸಾಗಿಸುವ ಬೈಟೂ ಅಷ್ಟೇ ಪಟ್ಟು. 8 ಮೆಗಾಹರ್ಟ್ಸ್ ಮೆಗಾ ಎಸ್‌ಟಿಯಲ್ಲಿ ಅದು ಕಣ್ಣಿಗೆ ಕಾಣುವಷ್ಟು ನಿಧಾನ. ವಿಡಿಐಗೆ ಬದಲಿಯಾದ ಎನ್‌ವಿಡಿಐ ಹಾಕಿದರೆ ಚಿತ್ರಿಸುವ ಕೆಲಸ ಚುರುಕಾಗುತ್ತದೆ, ಅದಿಲ್ಲದೆ ದೊಡ್ಡ ಪರದೆ ಬಳಸುವುದು ನನ್ನ ದೃಷ್ಟಿಯಲ್ಲಿ ತಾಳ್ಮೆಯ ಪರೀಕ್ಷೆ.

ಮಿಡಿತಂತಿ | #15

ಎಸ್‌ಎಂ124 ಸಿಕ್ಕರೆ ಬಿಡಬೇಡಿ ಎಂದೇ ಹೇಳುತ್ತೇನೆ. ಕಾಗದದಂತೆ ಬಿಳಿ, ಮೇಲೆ ಹೇಳಿದ ಯಾವ ಸ್ಯಾಂಪಲ್ ರಗಳೆಯೂ ಇಲ್ಲ. ಚಿತ್ರ ಕುಗ್ಗಿದ್ದರೆ ಅಥವಾ ಬಡಿದಾಗ ಮಿನುಗಿದರೆ ಮೊದಲ ಅನುಮಾನ ಒಣಗಿದ ಕೆಪ್ಯಾಸಿಟರ್ ಮತ್ತು ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್ ಕಾಲುಗಳ ಸುತ್ತ ಬಿರುಕು ಬಿಟ್ಟ ಬೆಸುಗೆ. ಆದರೆ ಟ್ಯೂಬಿನ ಆನೋಡ್‌ನಲ್ಲಿ ಸಾವಿರಾರು ವೋಲ್ಟ್ ಆಫ್ ಮಾಡಿದ ಮೇಲೂ ಉಳಿದಿರುತ್ತದೆ. ಡಿಸ್ಚಾರ್ಜ್ ಮಾಡುವುದು ಗೊತ್ತಿಲ್ಲದವರು ಟಿವಿ ರಿಪೇರಿಯವರ ಕೈಗೇ ಕೊಡಿ.

ಅಮೆರಿಕದಿಂದ ಬಂದ ಎಸ್‌ಟಿ ಅಥವಾ ಮಾನಿಟರ್ ಆದರೆ ಹಿಂದಿನ ಲೇಬಲ್ ಓದದೆ ನಮ್ಮ 230 ವೋಲ್ಟ್‌ಗೆ ಸಿಕ್ಕಿಸಬೇಡಿ. 110ರದ್ದಾದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ಹಳೇಯಂತ್ರ | #16

ಒಂದು ಉಳಿದಿದೆ. 1 ಮೀಟರ್ ಕೇಬಲ್‌ನಲ್ಲಿ ಚಿತ್ರ ಕಲ್ಲಿನಂತೆ ನಿಂತಿದೆ. 5 ಮೀಟರ್ ವಿಜಿಎ ಎಕ್ಸ್‌ಟೆನ್ಶನ್ ಸೇರಿಸಿದರೆ ನಿಂತ ಗೆರೆಗಳ ಅಂಚು ಸಣ್ಣಗೆ ನಡುಗುತ್ತದೆ. ಕ್ಲಾಕ್, ಫೇಸ್ ಮುಟ್ಟಿಲ್ಲ.

ಬೆಸುಗೆಕಡ್ಡಿ | #17

ಅದು ಸಿಂಕಿನ ತಾಪತ್ರಯಾ. ಎಸ್‌ಟಿಯ ಸಿಂಕ್ ಔಟ್‌ಪುಟ್ 3.3 ಕಿಲೋ ಓಮ್‌ನದ್ದು, ಭಾಳ ನಾಜೂಕು. ಉದ್ದ ಕೇಬಲ್ಲಿನ ಕೆಪ್ಯಾಸಿಟನ್ಸ್ ತುಂಬೂದ್ರಾಗ ಅಂಚು ಇಳಿಜಾರ ಆಗ್ತೈತಿ. ಇಳಿಜಾರಿನ ಮ್ಯಾಲೆ ಸ್ವಲ್ಪ ನಾಯ್ಸ್ ಕೂತ್ರೂ ಮಾನಿಟರಿಗೆ ಗೆರೆ ಶುರು ಆಗೂ ಕ್ಷಣ ಹಿಂದ-ಮುಂದ ಆದಂಗ ಕಾಣ್ತೈತಿ. ಒಂದ ಪಿಕ್ಸೆಲ್ ಅಂದ್ರ 31 ನ್ಯಾನೊಸೆಕೆಂಡ್, ಅದರ ಅರ್ಧ ಸರಿದ್ರೂ ಸಾಕು, ನಡುಗ್ತೈತಿ.

74ಎಚ್‌ಸಿಟಿ14 ಒಂದು ತಗೋರಿ. ಅದು ಸ್ಮಿಟ್ ಟ್ರಿಗರ್, ಇಳಿಜಾರ ಅಂಚನ್ನ ಮತ್ತ ನೆಟ್ಟಗ ಮಾಡ್ತೈತಿ. ಒಂದ ಗೇಟ್ ಸಿಗ್ನಲ್ ಉಲ್ಟಾ ಮಾಡ್ತೈತಿ, ಅದಕ್ಕ ಅಡ್ಡ ಸಿಂಕಿಗೆ ಎರಡು ಗೇಟ್ ಸಾಲಾಗಿ, ಲಂಬ ಸಿಂಕಿಗೂ ಎರಡು. ಎಸ್‌ಟಿಯ ಎರಡೂ ಸಿಂಕ್ ನೆಗೆಟಿವ್, ಹೊರಗ ಬರೂವಾಗೂ ನೆಗೆಟಿವ್ ಇರಬೇಕು. ಪೋಲಾರಿಟಿ ಬದಲಾದ್ರ ಮಾನಿಟರ್ ಬ್ಯಾರೆ ಮೋಡ್ ಅಂತ ಊಹಿಸಿ, ನೀವು ಹೊಂದಿಸಿದ ಕ್ಲಾಕ್ ಎಲ್ಲಾ ಮತ್ತ ಮದಲಿಂದ ಮಾಡಬೇಕಾಗ್ತೈತಿ. ಉಳಿದ ಎರಡು ಗೇಟಿನ ಇನ್‌ಪುಟ್ ಗ್ರೌಂಡಿಗೆ ಕಟ್ರಿ, ತೇಲಾಕ ಬಿಡಬ್ಯಾಡ್ರಿ. ಔಟ್‌ಪುಟ್ಟಿಗೆ 47 ಓಮ್ ಸರಣಿಯಾಗ. ಪವರ್ ಅದ ಜಾಯ್‌ಸ್ಟಿಕ್ ಪೋರ್ಟ್ 1ರ ಪಿನ್ 7ರಿಂದ. ಚಿಪ್ಪನ್ನ ಎಸ್‌ಟಿ ಕಡೆ ತುದಿಗೆ, ಪ್ಲಗ್ಗಿನ ಹತ್ತಿರ ಇಡ್ರಿ, ಮಾನಿಟರಿನ ಕಡೆ ಅಲ್ಲ.

ಹಳೇಯಂತ್ರ | #18

74ಎಚ್‌ಸಿಟಿ14 ಹಾಕಿದ ಮೇಲೆ 5 ಮೀಟರ್‌ನಲ್ಲೂ ನಡುಕ ಇಲ್ಲ. ಮೋಡ್ 720×400 ಎಂದೇ ಉಳಿದಿದೆ, ಕ್ಲಾಕ್ ಮತ್ತೆ ಹೊಂದಿಸಬೇಕಾಗಲಿಲ್ಲ. ಫೇಸ್ ಮಾತ್ರ ಎರಡು ಹೆಜ್ಜೆ ಸರಿಸಬೇಕಾಯಿತು.